‘ನವ ವೀರರು’ ಎಂಬ ಬಿರುದು: ಫಿಲಿಪ್ಪೀನ್ಸ್ ತನ್ನ ವಲಸೆ ಕಾರ್ಮಿಕರಿಗೆ ಕೊಟ್ಟಿದ್ದೇನು?

ಭಾನುವಾರ ಬಂತೆಂದರೆ ಹಾಂಗ್‌ಕಾಂಗ್‌ನ ಸೆಂಟ್ರಲ್ ಪ್ರದೇಶದ ಚಿತ್ರಣವೇ ಬದಲಾಗುತ್ತದೆ. ಬ್ಯಾಂಕು, ದುಬಾರಿ ಮಳಿಗೆಗಳ ಎದುರು ಸಾವಿರಾರು ಫಿಲಿಪಿನೊ ಮಹಿಳೆಯರು ರಟ್ಟು ಹಾಸಿಕೊಂಡು ಕೂರುತ್ತಾರೆ. ಬುತ್ತಿ ಹಂಚಿಕೊಳ್ಳುತ್ತಾರೆ, ಊರಲ್ಲಿರುವ ಮಕ್ಕಳ ಜೊತೆ ವಿಡಿಯೊ ಕರೆಯಲ್ಲಿ ಮಾತನಾಡುತ್ತಾರೆ, ಮನೆಗೆ ಕಳುಹಿಸುವ ‘ಬಾಲಿಕ್‌ಬಾಯನ್’ ಪೆಟ್ಟಿಗೆಗೆ ಸೋಪು, ಚಾಕೊಲೇಟ್, ಬಟ್ಟೆ ತುಂಬುತ್ತಾರೆ. ಉಳಿದ ಆರು ದಿನ ಇವರು ಮಾಲೀಕರ ಮನೆಯಲ್ಲೇ ವಾಸವಿದ್ದು ದುಡಿಯುವ ಮನೆಗೆಲಸದವರು. ಅವರಲ್ಲಿ ಊರಲ್ಲಿ ಶಿಕ್ಷಕಿಯರಾಗಿದ್ದವರೂ ಇದ್ದಾರೆ.

ತಾಯ್ನಾಡಿನ ಸರ್ಕಾರಿ ಭಾಷಣಗಳಲ್ಲಿ ಮಾತ್ರ ಇವರಿಗೆ ಬೇರೆಯೇ ಹೆಸರು: ‘ಬಾಗೊಂಗ್ ಬಯಾನಿ’, ಅಂದರೆ ನವ ವೀರರು. 1988ರಲ್ಲಿ ಅಂದಿನ ಅಧ್ಯಕ್ಷೆ ಕೊರಾಜನ್ ಅಕ್ವಿನೊ ಹಾಂಗ್‌ಕಾಂಗ್‌ನ ಮನೆಗೆಲಸದ ಮಹಿಳೆಯರ ಮುಂದೆಯೇ ಆಡಿದ ಮಾತಿದು.

ತಾತ್ಕಾಲಿಕ ಎಂದದ್ದು ಕಾಯಂ ಆಯಿತು

ಫರ್ಡಿನಾಂಡ್ ಮಾರ್ಕೋಸ್ ಆಡಳಿತ 1974ರ ಕಾರ್ಮಿಕ ಸಂಹಿತೆಯ ಮೂಲಕ ವಿದೇಶಿ ಉದ್ಯೋಗಕ್ಕೆ ಸರ್ಕಾರಿ ವ್ಯವಸ್ಥೆ ರೂಪಿಸಿತು. ದೇಶದೊಳಗೆ ನಿರುದ್ಯೋಗ, ಹೊರಗೆ ತೈಲದ ಹಣದಿಂದ ಕೊಬ್ಬಿದ ಕೊಲ್ಲಿ ರಾಷ್ಟ್ರಗಳು. ಕೆಲಕಾಲದ ಪರಿಹಾರ ಎಂದು ಶುರುವಾದದ್ದು ಅರ್ಧ ಶತಮಾನ ದಾಟಿದೆ. 2024ರಲ್ಲಿ ಹೊರನಾಡಿನ ಫಿಲಿಪಿನೊಗಳು ಬ್ಯಾಂಕುಗಳ ಮೂಲಕ ಕಳುಹಿಸಿದ ಹಣವೇ 3,400 ಕೋಟಿ ಡಾಲರ್‌ಗೂ ಹೆಚ್ಚು. ಇದು ಜಿಡಿಪಿಯ ಶೇ 8ರ ಆಸುಪಾಸು.

ಬೇರೆಯವರ ಮನೆ ಗುಡಿಸುವ ಪದವೀಧರೆಗೆ ‘ವೀರೆ’ ಎಂಬ ಬಿರುದು ಒಂದಿಷ್ಟು ಘನತೆ ಕೊಟ್ಟಿದ್ದು ನಿಜ. ಆದರೆ ಆ ಬಿರುದು ಸರ್ಕಾರಕ್ಕೂ ಅನುಕೂಲಕರವಾಗಿತ್ತು. ವೀರರು ತ್ಯಾಗ ಮಾಡಬೇಕೇ ಹೊರತು ದೂರು ಹೇಳಬಾರದಲ್ಲ!

ಬಿರುದೇ ಅಸ್ತ್ರವಾದಾಗ

ಈ ಲೆಕ್ಕಾಚಾರ ತಲೆಕೆಳಗಾದದ್ದು 1995ರಲ್ಲಿ. ಜೋಡಿ ಕೊಲೆ ಪ್ರಕರಣದಲ್ಲಿ ಮನೆಗೆಲಸದ ಮಹಿಳೆ ಫ್ಲೋರ್ ಕಾಂಟೆಂಪ್ಲಾಸಿಯನ್ ಅವರನ್ನು ಮಾರ್ಚ್ 17ರಂದು ಸಿಂಗಪುರ ಗಲ್ಲಿಗೇರಿಸಿತು. ಆಕೆ ನಿರಪರಾಧಿ ಎಂದು ನಂಬಿದ್ದ ಫಿಲಿಪಿನೊಗಳು ಬೀದಿಗಿಳಿದರು. ಅವರ ಸಿಟ್ಟು ಸಿಂಗಪುರದ ಮೇಲಷ್ಟೇ ಇರಲಿಲ್ಲ, ತಮ್ಮದೇ ಸರ್ಕಾರದ ಮೇಲೂ ಇತ್ತು. ವೀರರು ಎನ್ನುತ್ತೀರಿ, ಕಷ್ಟಕ್ಕೆ ಸಿಲುಕಿದಾಗ ಎಲ್ಲಿದ್ದಿರಿ ಎಂಬುದು ಅವರ ಪ್ರಶ್ನೆಯಾಗಿತ್ತು. ವಿದೇಶಾಂಗ ಸಚಿವರು ರಾಜೀನಾಮೆ ಕೊಟ್ಟರು. ಮೂರೇ ತಿಂಗಳಲ್ಲಿ ವಲಸೆ ಕಾರ್ಮಿಕರ ರಕ್ಷಣಾ ಕಾಯ್ದೆಗೆ ಅಂಗೀಕಾರ ಸಿಕ್ಕಿತು.

ಆಮೇಲಿನ ಪ್ರತಿ ಸರ್ಕಾರವೂ ಈ ಪಾಠ ನೆನಪಿಟ್ಟುಕೊಂಡಿದೆ. 2004ರಿಂದ ವಿದೇಶದಲ್ಲಿದ್ದೇ ಮತ ಹಾಕುವ ಅವಕಾಶ ಸಿಕ್ಕಿತು. 2018ರಲ್ಲಿ ಕುವೈತ್‌ನಲ್ಲಿ ಮನೆಗೆಲಸದ ಮಹಿಳೆಯೊಬ್ಬರ ಶವ ಫ್ರೀಜರ್‌ನಲ್ಲಿ ಪತ್ತೆಯಾದಾಗ ಮನಿಲಾ ಅಲ್ಲಿಗೆ ಕಾರ್ಮಿಕರನ್ನು ಕಳುಹಿಸುವುದನ್ನೇ ನಿಲ್ಲಿಸಿತು. ಕಾರ್ಮಿಕರ ಪಾಸ್‌ಪೋರ್ಟನ್ನು ಮಾಲೀಕರು ಕಿತ್ತಿಟ್ಟುಕೊಳ್ಳಬಾರದು ಎಂಬ ಅಂಶವಿದ್ದ ಒಪ್ಪಂದಕ್ಕೆ ಕುವೈತ್ ಸಹಿ ಹಾಕಿತು. 2021ರಲ್ಲಿ ವಲಸೆ ಕಾರ್ಮಿಕರಿಗೆಂದೇ ಪ್ರತ್ಯೇಕ ಸಚಿವಾಲಯ ಸ್ಥಾಪಿಸುವ ಕಾನೂನು ಬಂತು. ಆದರೂ 2023ರ ಜನವರಿಯಲ್ಲಿ ಕುವೈತ್‌ನಲ್ಲಿ ಮತ್ತೊಬ್ಬ ಫಿಲಿಪಿನೊ ಮಹಿಳೆಯ ಕೊಲೆಯಾಯಿತು. ಒಪ್ಪಂದದ ಕಾಗದ ಮಾಲೀಕನ ಮನೆಯ ಬಾಗಿಲ ಒಳಗೆ ಹೋಗುವುದು ಕಷ್ಟ.

ಭಾರತಕ್ಕೂ ಇದು ದೂರದ ಕಥೆಯಲ್ಲ

2024ರ ಜೂನ್‌ನಲ್ಲಿ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ 45 ಭಾರತೀಯರ ಜೊತೆಗೆ ಮೂವರು ಫಿಲಿಪಿನೊಗಳೂ ಸತ್ತರು. ಹೊರದೇಶದಿಂದ ಅತಿ ಹೆಚ್ಚು ಹಣ ಪಡೆಯುವ ದೇಶ ಭಾರತವೇ. ಆದರೆ ಇಲ್ಲಿ ಅನಿವಾಸಿ ಮತದಾರ ಮತ ಹಾಕಲು ಇಂದಿಗೂ ತನ್ನೂರಿನ ಮತಗಟ್ಟೆಗೇ ಬರಬೇಕು. ಫಿಲಿಪ್ಪೀನ್ಸ್ 2025ರ ಚುನಾವಣೆಯಲ್ಲಿ ಹೊರನಾಡಿಗರಿಗೆ ಆನ್‌ಲೈನ್ ಮತದಾನದ ಅವಕಾಶವನ್ನೇ ಕೊಟ್ಟಿತು. ಹಣ ಕಳುಹಿಸುವ ಕೈಗೆ ಮತವೂ ಸಿಕ್ಕರೆ ಸರ್ಕಾರದ ಕಿವಿ ಬೇಗ ತೆರೆಯುತ್ತದೆ ಎಂಬುದಕ್ಕೆ ಮನಿಲಾದ ಅನುಭವವೇ ಸಾಕ್ಷಿ.

ಆದರೆ ರಕ್ಷಣೆ ಒಂದು, ಆಯ್ಕೆ ಇನ್ನೊಂದು. ಆರ್ಥಿಕ ಬೆಳವಣಿಗೆಯ ಸಾಧನವಾಗಿ ವಿದೇಶಿ ಉದ್ಯೋಗವನ್ನು ಸರ್ಕಾರ ಉತ್ತೇಜಿಸುವುದಿಲ್ಲ ಎಂದು 1995ರ ಕಾಯ್ದೆಯಲ್ಲೇ ಬರೆದಿದೆ. ಮೂರು ದಶಕಗಳ ನಂತರವೂ ಆ ಹಣವೇ ಆರ್ಥಿಕತೆಗೆ ಊರುಗೋಲು. ಊರಲ್ಲೇ ಶಿಕ್ಷಕಿಯಾಗಿ, ನರ್ಸ್ ಆಗಿ ಸಂಸಾರ ತೂಗಿಸುವಷ್ಟು ಸಂಬಳ ಸಿಗುವವರೆಗೆ ‘ನವ ವೀರರು’ ಎಂಬುದು ಸರ್ಕಾರ ಕೊಟ್ಟ ಗೌರವವಲ್ಲ, ತೀರಿಸದೆ ಉಳಿಸಿಕೊಂಡ ಸಾಲ.