ಸಮದುಃಖಿಯ ನೆರವು

ಸ್ತನದ ಅರ್ಬುದ, ಅಂದರೆ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಗಾಯವು ಮಾಯ್ದೊಡನೆ ಮನೆಯವರು ಗಂಡಾಂತರವು ಕಳೆಯಿತೆಂದು ದೇವರಿಗೆ ತುಪ್ಪದ ದೀಪ ಹಚ್ಚುವರು. ರೋಗಿಣಿಗಾದರೋ ಆಗ ದೀರ್ಘವ್ರತವೊಂದು ಮೊದಲಾಗುವುದು. ಅರ್ಬುದವು ಈಸ್ಟ್ರೋಜನ್ ಎಂಬ ಹಾರ್ಮೋನಿನ ಬಲದಿಂದ ಬೆಳೆಯುವ ಜಾತಿಯದಾದರೆ, ಆ ಬಲವನ್ನು ತಡೆಯುವ ಟ್ಯಾಮಾಕ್ಸಿಫೆನ್ ಮೊದಲಾದ ಗುಳಿಗೆಯನ್ನು ಸಾಮಾನ್ಯವಾಗಿ 5 ವರ್ಷ, ಕೆಲವರು 10 ವರ್ಷ, ದಿನವೂ ಸೇವಿಸತಕ್ಕದ್ದು. ರೋಗವು ಮರುಕಳಿಸದಂತೆ ಮಾಡುವುದರಲ್ಲಿ ಇದರ ಉಪಕಾರವು ದೊಡ್ಡದು. ಆದರೆ ದೇಹವು ಸುಮ್ಮನಿರದು. ನಡುರಾತ್ರಿಯಲ್ಲಿ ಮೈಗೆ ಕಾವು ಏರಿ ಬೆವರುವುದು, ನಿದ್ರಾಭಂಗ, ಸಿಡುಕು, ಕಾರಣವಿಲ್ಲದ ಕಣ್ಣೀರು ಹಲವರಿಗುಂಟು.

ಆಕೆ ಇದನ್ನು ಯಾರಲ್ಲಿ ಹೇಳಿಕೊಳ್ಳಬೇಕು? "ಜೀವ ಉಳಿಯಿತಲ್ಲ, ಇನ್ನೇನು?" ಎಂಬುದು ಪತಿಯ ಸಮಾಧಾನ. "ಮುಟ್ಟು ನಿಲ್ಲುವಾಗ ನಮಗೂ ಹೀಗೆಯೇ ಆಗಿತ್ತು" ಎಂದು ಅತ್ತೆಯವರು ತಳ್ಳಿಬಿಡುವರು. ವೈದ್ಯರಿಗೆ ಬಿಡುವಿಲ್ಲ. ಹೀಗೆ ಒಳಗೇ ಬೆಂದು, ಯಾರಿಗೂ ತಿಳಿಸದೆ ಗುಳಿಗೆಯನ್ನೇ ಬಿಟ್ಟುಬಿಡುವವರು ಅನೇಕರು. ಅಪಾಯವಿರುವುದು ಇಲ್ಲಿಯೇ.

'ಸಹಾನುಭೂತಿ' ಎಂಬ ಪದವನ್ನು ಬಿಡಿಸಿದರೆ 'ಜೊತೆಯಲ್ಲಿ ಅನುಭವಿಸುವುದು' ಎಂದಾಗುವುದು. ನಾವು ಅದನ್ನು ಬರಿಯ ಕನಿಕರಕ್ಕೆ ಬಳಸಿ ಸವೆಸಿದ್ದೇವೆ. ನ್ಯೂಯಾರ್ಕಿನ ಟೆರೀಸ್ ಲಾಸರ್ ಎಂಬಾಕೆ ಅದನ್ನು ನಿಜಾರ್ಥದಲ್ಲಿ ನಡೆಸಿದಳು. 1952ರಲ್ಲಿ ತನಗೆ ಇದೇ ರೋಗಕ್ಕಾಗಿ ಶಸ್ತ್ರಚಿಕಿತ್ಸೆಯಾದ ಬಳಿಕ, ಅಂಥ ಇತರ ಸ್ತ್ರೀಯರನ್ನು ಆಸ್ಪತ್ರೆಗಳಲ್ಲಿ ಕಂಡು ಧೈರ್ಯ ಹೇಳತೊಡಗಿದಳು. ಕೆಲವು ವೈದ್ಯರಿಗೆ ಇದು ರುಚಿಸಲಿಲ್ಲ! ಆದರೂ 'ರೀಚ್ ಟು ರಿಕವರಿ' ಎಂಬ ಆ ಸೇವೆಯನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ವಹಿಸಿಕೊಂಡಿತು. ಲಾಸರಳು ಆರಂಭಿಸಿದಾಗ ಈ ಗುಳಿಗೆ ಬಂದಿರಲಿಲ್ಲ. ಗುಳಿಗೆಯ ವರ್ಷಗಳಿಗೆ ಅಂಥ ಸಖಿಯು ಇನ್ನೂ ಹೆಚ್ಚು ಬೇಕೆಂಬುದು ನಮ್ಮ ಅಭಿಪ್ರಾಯ. ಶಸ್ತ್ರದ ನೋವನ್ನು ಮನೆಮಂದಿ ಕಾಣುವರು, ಇದನ್ನು ಕಾಣರು.

ಸಖಿಯು ವೈದ್ಯಳಲ್ಲವೆಂಬುದನ್ನೂ ಹೇಳಬೇಕು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟೀನ್, ಫ್ಲೂಆಕ್ಸೆಟೀನ್‌ನಂಥ ಕೆಲವು ಔಷಧಗಳು, ಟ್ಯಾಮಾಕ್ಸಿಫೆನ್ ಯಕೃತ್ತಿನಲ್ಲಿ ಕಾರ್ಯಕಾರಿ ರೂಪವನ್ನು ತಾಳದಂತೆ ಅಡ್ಡಿಪಡಿಸುವುವು. ಆದಕಾರಣ ಗೆಳತಿಗೆ ಒಗ್ಗಿದ ಔಷಧವನ್ನು ಕೇಳಿ ತರಿಸಿಕೊಳ್ಳಲಾಗದು. ಗುಳಿಗೆಯನ್ನು ಬದಲಿಸುವುದೂ ಬಿಡುವುದೂ ವೈದ್ಯರನ್ನು ಕೇಳಿಯೇ ಆಗತಕ್ಕದ್ದು. ಮಂಕು ಎರಡು ವಾರ ಕಳೆದರೂ ಇಳಿಯದಿದ್ದರೆ, ಇಲ್ಲವೆ ಬದುಕೇ ಬೇಡವೆನಿಸಿದರೆ ಆ ಕ್ಷಣವೇ, ವೈದ್ಯರಿಗೆ ತಿಳಿಸಬೇಕು. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿಯಲ್ಲಿ, 14416 ಎಂಬ ಸಂಖ್ಯೆಗೆ, ಹಗಲಿರುಳೂ ಕನ್ನಡದಲ್ಲಿಯೇ ಮಾತಾಡಬಹುದು, ಶುಲ್ಕವಿಲ್ಲ.

ಸಖಿಯನ್ನು ಹುಡುಕಲು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ಆಸ್ಪತ್ರೆಯ ದಾದಿಯನ್ನು ಕೇಳಿದರೆ ಎರಡು ಮೂರು ವರ್ಷ ಗುಳಿಗೆ ನುಂಗಿದವರ ಪರಿಚಯವಾದೀತು. ಅದೂ ಆಗದಿದ್ದರೆ, ಮುಂದಿನ ಸಲ ಹೊರಗಿನ ಬೆಂಚಿನಲ್ಲಿ ಕಾಯುವಾಗ ಪಕ್ಕದಾಕೆಯನ್ನು, "ನಿಮಗೂ ರಾತ್ರಿ ನಿದ್ದೆ ಬರುವುದಿಲ್ಲವೇನಕ್ಕಾ?" ಎಂದು ಕೇಳಿನೋಡಲಿ.