ಲೆಕ್ಕ ಬರೆಯುವವನು ಎಂಥವನಿರಬೇಕು?

ಮಲ್ಲಾಪುರ: ಕೈಗಾ ಟೌನ್‌ಶಿಪ್ಪಿನ ಸಂಬಳವನ್ನೇ ನಂಬಿದ ಇಲ್ಲಿನ ಅಂಗಡಿಕಾರರು ಗುಮಾಸ್ತನನ್ನು ಹುಡುಕುವಾಗ ಕೇಳುವ ಪ್ರಶ್ನೆ ಒಂದೇ: 'ತಿಂಗಳಿಗೆ ಎಷ್ಟು ಕೊಡಬೇಕು?' ಅಷ್ಟಕ್ಕೇ ನಿಂತರೆ ಸಾಲದು.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದವರೂ ಬೆಚ್ಚಿಬಿದ್ದರು. ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಬಿಡುತ್ತೇವೆಂದು ಸರಕಾರ ಆಮೇಲೆ ಹೇಳಿತು, ನಿಜ. ಪ್ರತಿ ಸಲವೂ ಹಾಗಾದೀತೇ?

ಅಂಗಡಿ ದುಡ್ಡು, ಮನೆ ದುಡ್ಡು ಬೇರೆ ಮಾಡುವವ ಬೇಕು. ತೆರಿಗೆ ಇರುವ ಮಾಲು, ಇಲ್ಲದ ಮಾಲು ಬೇರೆ ಬೇರೆ ಬರೆಯುವವ ಬೇಕು. ಉದ್ರಿ ತೀರಿದ ದಿನವೇ ಜಮೆ ಹಿಡಿಯಬೇಕು. 'ಈ ಖರೀದಿಯ ಬಿಲ್ ಎಲ್ಲಿ ಸಾಹುಕಾರರೇ?' ಎಂದು ಕಾಟ ಕೊಡುವವನೇ ಒಳ್ಳೆಯವ. ಎಲ್ಲಕ್ಕೂ 'ಆಯ್ತು, ಬಿಡಿ' ಅನ್ನುವವನನ್ನು ದೂರ ಇಡಿ. ಪರೀಕ್ಷೆ ಸುಲಭ: ಹೋದ ತಿಂಗಳ ಲೆಕ್ಕವನ್ನು ಕನ್ನಡದಲ್ಲಿ ಐದು ನಿಮಿಷಕ್ಕೆ ತಿಳಿಸಿ ಹೇಳಲಿ.

ಪಾಸ್‌ವರ್ಡು, ಓಟಿಪಿ, ಚೆಕ್‌ಬುಕ್ಕು ಮಾತ್ರ ಮಾಲಕರ ಕೈಯಲ್ಲೇ ಇರಲಿ. ರಿಟರ್ನ್ ತುಂಬಿದ ರಸೀದಿ ಕೇಳಿ ತೆಗೆದಿಡಿ. ನೋಟಿಸ್ ಬರುವುದು ಗುಮಾಸ್ತನ ಹೆಸರಿಗಲ್ಲ, ಅಂಗಡಿ ಬೋರ್ಡಿನ ಹೆಸರಿಗೆ.