ತಿಳಿನೀರೆಲ್ಲ ಶುದ್ಧನೀರಲ್ಲ

ಸೋಸಲೆಯ ಸುತ್ತಮುತ್ತಲ ನಮ್ಮ ಸೀಮೆಯು ಹೊಳೆಗಳನ್ನೇ ನೆಚ್ಚಿ ಬಾಳಿದ ಸೀಮೆ. ನಂಜನಗೂಡನ್ನು ಹಾದು ಬರುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ನೀರು ನಮ್ಮ ಗದ್ದೆಗೂ ಬೇಕು, ಅಡಿಗೆಗೂ ಬೇಕು, ಇಷ್ಟಲಿಂಗದ ಅಗ್ಘವಣಿಗೂ ಬೇಕು. ನೀರನ್ನು ಬಟ್ಟೆಯಲ್ಲಿ ಸೋಸಿ ಶುಚಿಯಾದ ಪಾತ್ರೆಯಲ್ಲಿ ತುಂಬುವ ಪದ್ಧತಿಯನ್ನು ನಮ್ಮ ಹಿರಿಯರು ಕಲಿಸಿದರು. ಆದರೆ ಸೋಸಿದರೂ ಹೋಗದ, ಕಣ್ಣಿಗೂ ಕಾಣದ ಕಲ್ಮಷಗಳುಂಟು. ಗಣಿಯ ತ್ಯಾಜ್ಯದ ಬಳಿ ಹರಿಯುವ ಹಳ್ಳಗಳು ನಮಗೆ ಕಲಿಸುವ ಪಾಠವಿದು.

ಗಣಿಯಿಂದ ತೆಗೆದ ಅದಿರನ್ನು ಹಿಟ್ಟಿನಂತೆ ಅರೆದು, ಬೇಕಾದ ಲೋಹವನ್ನು ಬೇರ್ಪಡಿಸಿದ ಮೇಲೆ ನುಣ್ಣನೆಯ ಕೆಸರು ಉಳಿಯುತ್ತದೆ. ಅದನ್ನು ದಿಬ್ಬವಾಗಿ ಸುರಿಯುತ್ತಾರೆ, ಇಲ್ಲವೇ ಅಣೆಕಟ್ಟಿನ ಹಿಂದೆ ನಿಲ್ಲಿಸುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಈ ಕೆಸರನ್ನು ತಡೆಯಲೆಂದೇ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರು ಎತ್ತರದ ಕಟ್ಟೆಯನ್ನು ಕಟ್ಟಿದರು. ಆ ಹೊಳೆ ಸೇರುವುದು ಭದ್ರೆಗೆ. ಕಳಸದ ಸೀಮೆಯ ಜನರು ಅವಲಂಬಿಸಿದ ನದಿಯೂ, ಬಾಳೆಹೊನ್ನೂರಿನ ರಂಭಾಪುರಿ ಪೀಠದ ಬಳಿ ಹರಿಯುವ ನದಿಯೂ ಅದೇ ಭದ್ರೆ. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಗಣಿ ನಿಂತರೂ ಕೆಸರು ಎಲ್ಲಿಗೂ ಹೋಗಲಿಲ್ಲ. ಕಟ್ಟೆಯ ಹಿಂದೆ ಇಂದಿಗೂ ಇದೆ. ಆದುದರಿಂದ ಗಣಿ ಮುಚ್ಚಿದ ಮೇಲೂ ಕಾವಲು ಮುಗಿಯದು.

ಇಂತಹ ಹೊಳೆಯ ನೀರನ್ನು ಯಾವಾಗ ಪರೀಕ್ಷಿಸಬೇಕು? ಇದೇ ಮುಖ್ಯವಾದ ಪ್ರಶ್ನೆ. ಮಾಘಮಾಸದ ಬಿಸಿಲಿನಲ್ಲಿ ಒಂದು ಸೀಸೆ ನೀರು ತೆಗೆದು ನೋಡಿದರೆ ಅದು ಹಾಲಿನಷ್ಟೇ ನಿರ್ಮಲವೆಂದು ತೋರಬಹುದು. ಮಲೆನಾಡಿನ ಹೊಳೆಯು ವರ್ಷದ ಹೂಳಿನ ಬಹುಪಾಲನ್ನು ಹೊರುವುದು ಮುಂಗಾರಿನ ಕೆಲವೇ ಬಿರುಮಳೆಯ ದಿನಗಳಲ್ಲಿ. ಆ ದಿನಗಳಲ್ಲಿ ಅಳೆಯದವನು ನದಿಯನ್ನು ಅಳೆದಂತಾಗುವುದಿಲ್ಲ. ಎಲ್ಲಿ ಅಳೆಯಬೇಕೆಂಬುದೂ ಅಷ್ಟೇ ಮುಖ್ಯ. ತ್ಯಾಜ್ಯದ ರಾಶಿಗಿಂತ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ, ಒಂದೇ ದಿನ ನೀರು ತೆಗೆಯಬೇಕು. ಎರಡನ್ನೂ ಹೋಲಿಸಿದಾಗ ಮಾತ್ರ ದೋಷವು ಮಣ್ಣಿನ ಸಹಜ ಗುಣವೋ, ಗಣಿಯಿಂದ ಬಂದದ್ದೋ ಎಂಬುದು ತಿಳಿಯುತ್ತದೆ.

ಕೆಂಪು ಕೆಸರಾದರೋ ಕಣ್ಣಿಗೆ ಕಾಣುವ ಶತ್ರು. ಕಾಣದ ಶತ್ರು ಇನ್ನೂ ಅಪಾಯಕಾರಿ. ಗಂಧಕವುಳ್ಳ ಶಿಲೆಯ ಪುಡಿಗೆ ಗಾಳಿ, ಮಳೆ ತಾಗಿದರೆ ಆಮ್ಲ ಹುಟ್ಟುತ್ತದೆ. ಆ ಆಮ್ಲವು ಲೋಹಗಳನ್ನು ಕರಗಿಸಿಕೊಂಡು ಹರಿಯುತ್ತದೆ. ಅಂತಹ ನೀರು ಎಷ್ಟೋ ವೇಳೆ ಗಾಜಿನಂತೆ ತಿಳಿಯಾಗಿಯೇ ಇರುತ್ತದೆ! ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಒಂದು ಶತಮಾನಕ್ಕೂ ಮಿಕ್ಕಿದ ಕೆಲಸದಿಂದ ಉಳಿದ ದಿಬ್ಬಗಳನ್ನು ಜನರು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಸೈನೈಡು ಬಿಸಿಲು ಗಾಳಿಗೆ ಕ್ರಮೇಣ ಕ್ಷೀಣಿಸಬಹುದು. ಲೋಹಗಳು ಹಾಗೆ ಅಳಿಯುವುದಿಲ್ಲ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಮನ್ನು ಮೀರಬಾರದು, ನೀರಿನ ಪಿಎಚ್ 6.5ರಿಂದ 8.5ರೊಳಗೆ ಇರಬೇಕು ಎಂಬುದು ನಮ್ಮ ದೇಶದ ನಿಯಮ. ಇಷ್ಟು ಸೂಕ್ಷ್ಮವಾದುದನ್ನು ನಾಲಗೆಯೂ ಹೇಳದು, ಮೂಗೂ ಹೇಳದು.

ಇಲ್ಲಿ ತಾಯಂದಿರು ಗಮನಿಸಬೇಕಾದ ಒಂದು ಮಾತಿದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಲೋಹ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಪಟಿಕ ತೇಯ್ದರೆ ನೀರು ತಿಳಿಯಾದೀತು, ನಿರ್ವಿಷವಾಯಿತೆಂದು ನಂಬಲಾಗದು.

ಕುದುರೆಮುಖ, ಕೋಲಾರಗಳು ದೂರದವು, ನಮಗೇನು ಎಂದು ಕೇಳುವವರಿದ್ದಾರೆ. ನಮ್ಮ ಜಿಲ್ಲೆಯ ಸಿಂಧುವಳ್ಳಿಯಲ್ಲಿಯೂ ಕ್ರೋಮೈಟ್ ಅದಿರನ್ನು ತೆಗೆದದ್ದುಂಟು. ಕಪಿಲೆಯ ದಡದ ನಂಜನಗೂಡಿನಲ್ಲಿ ಕಾರ್ಖಾನೆಗಳಿವೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೆಸರಿಸಿದ ಮಲಿನ ನದೀಭಾಗಗಳಲ್ಲಿ ನಂಜನಗೂಡಿನಿಂದ ಕೆಳಗಿನ ಕಪಿಲೆಯೂ ಸೇರಿತ್ತು. ಇದರಿಂದ ಹೆದರಬೇಕಾಗಿಲ್ಲ, ಆದರೆ ಉದಾಸೀನವೂ ಸಲ್ಲದು.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕೆಂಬ ಏರ್ಪಾಡಿದೆ. ಪೆಟ್ಟಿಗೆಯಲ್ಲಿ ಬರುವ ಆ ಸಾಮಗ್ರಿಯಿಂದ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್ ಮುಂತಾದವು ತಿಳಿಯುತ್ತವೆ. ಕ್ರೋಮಿಯಂ, ಸೀಸಗಳನ್ನು ಕಾಣಲು ಪ್ರಯೋಗಾಲಯಕ್ಕೇ ಕಳುಹಿಸಬೇಕು. ನಮ್ಮ ಊರಿನಲ್ಲಿ ಆ ಐವರು ಯಾರು, ಕಳೆದ ಬಾರಿ ನೀರು ತೆಗೆದದ್ದು ಯಾವ ತಿಂಗಳು, ಲೋಹಗಳ ಪರೀಕ್ಷೆಯಾಯಿತೇ ಎಂದು ಗ್ರಾಮಸಭೆಯಲ್ಲಿ ಕೇಳುವುದು ನಮ್ಮೆಲ್ಲರ ಹಕ್ಕು. ಉತ್ತರವನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡೋಣ. ಒಂದು ವರ್ಷದ ಅಂಕಿ ಬರಿಯ ಅಂಕಿ. ಹತ್ತು ವರ್ಷದ್ದು ಸಾಕ್ಷಿ. ಸಾಕ್ಷಿ ಇದ್ದಾಗಲೇ ಅಧಿಕಾರಿಗಳ ಮುಂದೆ ನಮ್ಮ ಮಾತಿಗೆ ಬೆಲೆ.

ನೀರು ಕಾಯುವುದೂ ಕಾಯಕವೇ. ಬರುವ ಮುಂಗಾರಿನ ಮೊದಲ ಹೊಸನೀರಿನ ದಿನವೇ ಅದು ಪ್ರಾರಂಭವಾಗಲಿ.